ಬೆಂಕಿ ದೊಡ್ಡದಾಯ್ತು

ನನ್ನ ತಾಯಿಯ ಬಾಯಲ್ಲಿ ‘ಆರಿತು’ ಎಂಬ ಮಾತನ್ನು ನಾನು ಕೇಳಿದವನಲ್ಲ. ದೇವರ ಮನೆಯ ದೀಪ ಅವಳ ಪಾಲಿಗೆ ಆರುವುದಿಲ್ಲ, ದೊಡ್ಡದಾಗುತ್ತದೆ. ನಮ್ಮ ಕಡೆಯ ಹಳಬರು ಹೇಳುವುದೇ ಹಾಗೆ. ಉರಿಯುವ ದೀಪವನ್ನು ಆರಿಸು ಎನ್ನುವುದು ಅಪಶಕುನ, ಹಾಗಾಗಿ ‘ದೀಪ ದೊಡ್ಡದು ಮಾಡು’ ಎಂದರೆ ಆರಿಸು ಎಂದೇ ಅರ್ಥ. ಬೇರೆಯವರು ಈ ಮಾತನ್ನು ದೇವರ ದೀಪಕ್ಕೆ ಮಾತ್ರ ಇಟ್ಟುಕೊಂಡಿದ್ದಾರೆ. ಅಮ್ಮ ಮಾತ್ರ ಮನೆಯಲ್ಲಿ ಉರಿಯುವುದಕ್ಕೆಲ್ಲ ಅದನ್ನು ಹಂಚಿಬಿಟ್ಟಿದ್ದಳು. ನೀರೊಲೆಯ ಬೆಂಕಿ ದೊಡ್ಡದಾಗುತ್ತಿತ್ತು, ಗ್ಯಾಸ್ ಸ್ಟವ್ ದೊಡ್ಡದಾಗುತ್ತಿತ್ತು, ಕರೆಂಟ್ ಹೋದರೆ ಬಲ್ಬು ಕೂಡ ದೊಡ್ಡದಾಗುತ್ತಿತ್ತು. ಹಾವು ಅವಳಿಗೆ ‘ಹುಳ’. ಬಾಗಿಲು ದಾಟುವವರು ‘ಹೋಗ್ತೀನಿ’ ಅಂದರೆ ಅಲ್ಲೇ ನಿಲ್ಲಿಸಿ ‘ಹೋಗ್ಬತ್ತೀನಿ ಅನ್ನು’ ಎಂದು ಹೇಳಿಸಿಯೇ ಕಳಿಸುತ್ತಿದ್ದಳು. ಕೆಟ್ಟದ್ದು ಬಾಯಿಂದಲೇ ಮನೆಯೊಳಗೆ ಬರುತ್ತದೆ ಎಂಬುದು ಅವಳ ನಂಬಿಕೆ.

ನನ್ನ ಹೆಂಡತಿ ಗದಗದ ಕಡೆಯವಳು. ಅವರ ಮನೆಯಲ್ಲಿ ದೀಪ ‘ಶಾಂತ’ವಾಗುತ್ತಿತ್ತಂತೆ. ಮದುವೆಯಾಗಿ ಬಂದ ಮೊದಲ ವಾರ ಒಲೆಯ ಮೇಲೆ ಹಾಲಿತ್ತು, ಅಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಲ್ಲಿಂದಲೇ ‘ಗ್ಯಾಸ್ ದೊಡ್ಡದು ಮಾಡವ್ವಾ’ ಎಂದು ಕೂಗಿದಳು. ಹೊಸ ಸೊಸೆ ಹೇಳಿದ ಮಾತು ತಪ್ಪದೆ ಉರಿಯನ್ನು ಪೂರ್ತಿ ಏರಿಸಿದಳು. ಹಾಲೆಲ್ಲ ಉಕ್ಕಿ ಕಟ್ಟೆಯ ಮೇಲೆ ಹರಿಯಿತು.

“ದೊಡ್ಡದು ಮಾಡು ಅಂದ್ರೆ ಇನ್ನಾ ಉರಿ ಹಾಕ್ತಾರೇನೇ ತಾಯಿ?” ಅಂದಳು ಅಮ್ಮ.

“ದೊಡ್ಡದು ಮಾಡು ಅಂದ್ರ ದೊಡ್ಡದs ಮಾಡಬೇಕಲ್ಲರೀ ಅತ್ತಿ!” ಅಂದಳು ಇವಳು. ಕಣ್ಣಲ್ಲಿ ನೀರಿತ್ತು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಇವಳನ್ನು ಕೂರಿಸಿಕೊಂಡು ಪಾಠ ಹೇಳಿದೆ. ಆರಿದರೆ ‘ದೊಡ್ಡದಾಯ್ತು’, ಉರಿ ಏರಿದರೆ ‘ಜಾಸ್ತಿ ಆಯ್ತು’, ಇಷ್ಟೇ ವ್ಯಾಕರಣ ಅಂದೆ. ಅಂದಿನಿಂದ ಅತ್ತೆ ಸೊಸೆಯ ನಡುವೆ ನಾನೇ ದುಭಾಷಿ. ಅಮ್ಮ ಏನಾದರೂ ಅಂದರೆ ಇವಳು ನನ್ನ ಮುಖ ನೋಡುತ್ತಿದ್ದಳು, ನಾನು ಅರ್ಥ ಬಿಡಿಸಿ ಹೇಳುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ನಮ್ಮ ಮನೆ ಇರುವುದು ಅಜ್ಜಂಪುರದಿಂದ ಅಂತರಘಟ್ಟೆ ಕಡೆಗೆ ಹೋಗುವ ದಿಕ್ಕಿನಲ್ಲಿ, ಊರಿನಿಂದ ಸ್ವಲ್ಪ ಹೊರಗೆ, ಹೊಲದಲ್ಲೇ ಕಟ್ಟಿಕೊಂಡದ್ದು. ಮನೆಯ ಹಿಂದೆ ಕಣ, ಕಣದ ಅಂಚಿಗೆ ರಾಗಿ ಹುಲ್ಲಿನ ಬಣವೆ, ಅದರಾಚೆ ಕತ್ತಾಳೆ ಬೇಲಿ, ಬೇಲಿಯಾಚೆ ಕಾವಲು. ಕಾವಲೆಂದರೆ ದನ ಮೇಯಲೆಂದು ರಾಜರ ಕಾಲದಿಂದಲೂ ಉಳಿಸಿಕೊಂಡು ಬಂದ ಹುಲ್ಲುಗಾವಲು. ನಿಂತು ನೋಡಿದರೆ ಕಣ್ಣು ಸೋಲುವಷ್ಟು ದೂರ ಹುಲ್ಲೇ. ಅಲ್ಲೊಂದು ಇಲ್ಲೊಂದು ಜಾಲಿ. ಮಳೆಗಾಲದಲ್ಲಿ ಅದರಷ್ಟು ಚೆಂದದ್ದು ನಾನು ಇನ್ನೊಂದು ಕಂಡಿಲ್ಲ. ಶಿವರಾತ್ರಿ ಹತ್ತಿರ ಬರುವಾಗ ಮಾತ್ರ ಅದನ್ನು ನೋಡಿದರೆ ನನಗೆ ಆಗುವುದಿಲ್ಲ. ಹುಲ್ಲು ಸೊಂಟದೆತ್ತರ ಒಣಗಿ ನಿಂತಿರುತ್ತದೆ. ಯಾರೋ ಬದು ಸುಡುತ್ತಾರೆ, ಯಾರೋ ಬೀಡಿ ಎಸೆಯುತ್ತಾರೆ, ಮಳೆ ಬಿದ್ದಾಗ ಎಳೆ ಹುಲ್ಲು ಚಿಗುರಲಿ ಎಂದು ಯಾರೋ ಬೇಕೆಂದೇ ಕಡ್ಡಿ ಗೀರುತ್ತಾರೆ. ಪ್ರತಿ ವರ್ಷ ಎಲ್ಲಾದರೂ ಒಂದು ಕಡೆ ಹತ್ತುತ್ತದೆ. ಊರವರು ಹೊಂಗೆ ಸೊಪ್ಪು ಹಿಡಿದು ಹೋಗಿ ಬಡಿದು ಬರುತ್ತಾರೆ. ಅಲ್ಲಿಯವರೆಗೆ ಬೆಂಕಿ ನಮ್ಮ ಬೇಲಿಯ ತನಕ ಬಂದದ್ದಿಲ್ಲ. ಬಂದದ್ದಿಲ್ಲ ಎಂಬುದನ್ನೇ ನಾವು ಬರುವುದಿಲ್ಲ ಎಂದು ತಿಳಿದಿದ್ದೆವು.

ನನ್ನ ಕೆಲಸ ಇರುವುದು ಕಡೂರಿನಲ್ಲಿ. ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರ ಸುತ್ತುವುದು. ಬೀರೂರಿನ ಮೇಲೆ ಬೈಕಿನಲ್ಲಿ ಮನೆಗೆ ಮುಕ್ಕಾಲು ಗಂಟೆ ದಾರಿ. ಹೆಂಡತಿ ಅಜ್ಜಂಪುರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಸ್ಕೂಟಿಯಲ್ಲಿ ಹತ್ತೇ ನಿಮಿಷ. ಮಗಳಿಗೆ ಆಗ ಐದು ವರ್ಷ. ಅವಳನ್ನು ನೋಡಿಕೊಳ್ಳುವುದು ಅಮ್ಮ. ಆ ವರ್ಷ ಕಾವಲು ಹತ್ತಿದ ದಿನ, ಹಿಂದಿನ ದಿನ ಜ್ವರ ಬಂದಿದ್ದರಿಂದ, ಮಗಳನ್ನು ಶಾಲೆಗೆ ಕಳಿಸಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ತೆರೆಯುತ್ತಿದ್ದೆ, ಅಮ್ಮನ ಫೋನ್ ಬಂತು.

“ಕಾವ್ಲಲ್ಲಿ ಹೊಗೆ ಎದ್ದೈತೆ ಕಣಪ್ಪ. ದೂರ ಐತೆ. ಊರೋರು ಸೊಪ್ಪು ಕಡ್ಕೊಂಡು ಹೋದ್ರು.”

“ಮಗೂನ ಒಳಗೆ ಹಾಕ್ಕೊಂಡು ಬಾಗ್ಲು ಹಾಕ್ಕೊ. ಹೊಗೆ ಕುಡಿದ್ರೆ ಮತ್ತೆ ಜ್ವರ ಬಂದಾತು,” ಅಂದೆ.

“ಮಲಗೈತೆ ಬಿಡು,” ಅಂದಳು.

ನಾನು ಊಟ ಮಾಡಿದೆ. ಕೈ ತೊಳೆದುಕೊಂಡು ಒಂದು ಮೋಟರಿನ ಕಾಯಿಲ್ ಸುತ್ತಲು ಕೂತೆ. ಆ ಕೆಲಸ ನಡುವೆ ಬಿಡುವಂಥದ್ದಲ್ಲ, ಒಂದು ಸುತ್ತು ತಪ್ಪಿದರೆ ಪೂರ್ತಿ ಮತ್ತೆ. ಅರ್ಧ ಗಂಟೆ ಕಳೆದಿರಬಹುದು, ಮತ್ತೆ ಫೋನ್. ಸುತ್ತ ಗಲಾಟೆ, ಯಾರೋ ಟ್ರ್ಯಾಕ್ಟರ್ ಚಾಲೂ ಮಾಡುವ ಸದ್ದು, ನಡುವೆ ಅಮ್ಮನ ದನಿ: “ಬೆಂಕಿ ದೊಡ್ಡದಾಯ್ತು ಕಣಪ್ಪ, ದೊಡ್ಡದಾಯ್ತು.” ಅಷ್ಟರಲ್ಲಿ ಕಟ್ಟಾಯಿತು.

ನನಗೆ ಎಷ್ಟು ಹಾಯೆನಿಸಿತು ಎಂದರೆ, ಒಬ್ಬನೇ ಇದ್ದರೂ ಬಾಯಿಬಿಟ್ಟು ‘ಸದ್ಯ’ ಅಂದೆ. ಒಂದು ಸಲ ತಿರುಗಿ ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಂದು ಸಲ ಮಾಡಿದೆ. ಬೆಂಕಿ ಆರಿಸಿ ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿರುತ್ತಾಳೆ, ಫೋನನ್ನು ಎಲ್ಲೋ ಒಲೆಯ ಹತ್ತಿರ ಇಟ್ಟಿರುತ್ತಾಳೆ ಅಂದುಕೊಂಡೆ. ಅವಳು ಲೋಟ ಹಂಚುತ್ತಿರುವುದು ನನ್ನ ಕಣ್ಣಿಗೇ ಕಟ್ಟಿತು. ಮನಸ್ಸಿಗೆ ಬೇಕಾದದ್ದು ಕಣ್ಣಿಗೆ ಎಷ್ಟು ಬೇಗ ಕಾಣುತ್ತದೆಯೋ!

ಐದು ನಿಮಿಷಕ್ಕೆ ಹೆಂಡತಿಯ ಫೋನ್ ಬಂತು. ಅಮ್ಮ ಅವಳಿಗೂ ಮಾಡಿದ್ದಳು.

“ಬೆಂಕಿ ದೊಡ್ಡದಾತು ಅಂದ್ರು ಅತ್ತಿ. ನಾ ಮನಿಗೆ ಹೊಂಟೀನ್ರೀ.”

ನಾನು ನಕ್ಕೆ. ಹಾಲು ಉಕ್ಕಿದ ದಿನ ನಕ್ಕಂತೆಯೇ ನಕ್ಕೆ. “ಲೇ, ಇಷ್ಟು ವರ್ಷ ಆಯ್ತು, ಇನ್ನೂ ಅಮ್ಮನ ಮಾತು ತಿಳಿಯಲ್ವೇನೇ ನಿಂಗೆ? ದೊಡ್ಡದಾಯ್ತು ಅಂದ್ರೆ ಆರಿತು ಅಂತ. ಜಾಸ್ತಿ ಆಗಿದ್ರೆ ಜಾಸ್ತಿ ಆಯ್ತು ಅಂತಿದ್ಲು.”

“ಅತ್ತಿ ದನಿ ಹಂಗಿರಲಿಲ್ಲರೀ. ಅಂಜಿದ್ರು.”

“ದನಿ ಬಿಡೇ, ಮಾತು ನೋಡು. ಹೊಗೆ ಕುಡಿದು ದನಿ ಕೂತಿರುತ್ತೆ. ಕ್ಲಾಸು ಬಿಟ್ಟು ಹೋಗಿ ಹೆಡ್ ಮೇಷ್ಟ್ರ ಹತ್ರ ಬೈಸ್ಕೊಬೇಡ. ಸುಮ್ನೆ ಕೂತ್ಕೊ.”

“ಆತು ಬಿಡ್ರಿ,” ಅಂದಳು.

ನಾನು ಮತ್ತೆ ತಂತಿ ಹಿಡಿದೆ. ಅವತ್ತು ಸುತ್ತಿದ ಸುತ್ತುಗಳಲ್ಲಿ ಒಂದೂ ತಪ್ಪಿರಲಿಲ್ಲ. ಅಷ್ಟು ನೆಮ್ಮದಿಯಾಗಿದ್ದೆ. ಈಗ ನೆನೆಸಿಕೊಂಡರೆ ಬೆಂಕಿಗಿಂತ ಆ ನೆಮ್ಮದಿಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ.

ಹಾಗೇ ಮುಕ್ಕಾಲು ಗಂಟೆ ಕಳೆದಿರಬೇಕು, ಚೌಳಹಿರಿಯೂರು ಕಡೆಯ ರೈತರೊಬ್ಬರು ಲಗೇಜ್ ಆಟೋದಲ್ಲಿ ಸುಟ್ಟ ಪಂಪ್ ಹಾಕಿಕೊಂಡು ಬಂದರು. ವಯಸ್ಸಾದವರು, ಹಳೆಯ ಗಿರಾಕಿ. ಪಂಪ್ ಇಳಿಸುವ ಮೊದಲೇ ನನ್ನನ್ನು ನೋಡಿ ನಿಂತುಬಿಟ್ಟರು.

“ಏನಪ್ಪಾ, ನೀನಿನ್ನೂ ಇಲ್ಲೇ ಕುಂತಿದೀಯ? ನಿಮ್ಮ ಕಡೆ ಕಾವ್ಲು ಹತ್ಕೊಂಡು ಉರೀತೈತಲ್ಲ!”

“ಅದು ಆಗ್ಲೇ ಆರಿತಂತೆ, ಗೌಡ್ರೇ. ಅಮ್ಮ ಫೋನ್ ಮಾಡಿತ್ತು.”

“ಯಾರಪ್ಪ ಹೇಳಿದ್ದು ಆರಿತು ಅಂತ? ನಾನೀಗ ಅದೇ ರೋಡಲ್ಲಿ ಬಂದಿದ್ದು. ಹೊಗೆ ರೋಡಿಗೆ ಅಡ್ಡ ಬಂದು ಗಾಡಿಗಳೆಲ್ಲ ನಿಂತಿದ್ವು. ಗಾಳಿ ಬೇರೆ ನಿಮ್ಮ ಮನೆ ಕಡೀಗೇ ಬೀಸ್ತೈತೆ ಕಣೋ.”

ಆಗ ನನ್ನ ಕಿವಿಯಲ್ಲಿ ಅಮ್ಮನ ಮಾತು ಇನ್ನೊಂದು ಸಲ ಕೇಳಿತು, ಈ ಸಲ ಕೇಳಬೇಕಾದ ಹಾಗೆ ಕೇಳಿತು. ದೊಡ್ಡದಾಯ್ತು. ಅಂಗಡಿಯ ಬಾಗಿಲು ಎಳೆದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅವರೇ ಎಳೆದು, ಬೀಗ ಹಾಕಿ, ಕೀಲಿಯನ್ನು ಪಕ್ಕದ ಹೋಟೆಲಿನಲ್ಲಿ ಕೊಟ್ಟಿದ್ದರು ಎಂದು ಆಮೇಲೆ ತಿಳಿಯಿತು.

ಬೀರೂರು ದಾಟುವ ತನಕ ಆಕಾಶ ಎಂದಿನಂತೆಯೇ ಇತ್ತು. ಅದೇ ನನಗೆ ಧೈರ್ಯವಾಗಿತ್ತು. ಊರು ಬಿಟ್ಟು ತೋಟಗಳ ಸಾಲು ಮುಗಿಯುತ್ತಲೂ ಕಂಡಿತು. ಎದುರಿಗೆ ಆಕಾಶದ ಬುಡವೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಅದು ದೂರದ ಹೊಗೆಯ ಹಾಗೆ ಎದ್ದು ಎದ್ದು ಕರಗುತ್ತಿರಲಿಲ್ಲ. ಗೋಡೆಯ ಹಾಗೆ ನಿಂತಿತ್ತು. ಬಾಯಲ್ಲಿ ದೇವರ ಹೆಸರು ಬರಲಿಲ್ಲ. ‘ಇವಳು ನನ್ನ ಮಾತು ಕೇಳದೇ ಇದ್ದಿರಲಿ, ಕೇಳದೇ ಇದ್ದಿರಲಿ’ ಎಂದು ಅದನ್ನೇ ಹೇಳಿಕೊಳ್ಳುತ್ತಾ ಹೋದೆ. ಗಂಡನ ಮಾತನ್ನು ಹೆಂಡತಿ ಮೀರಲಿ ಎಂದು ಹರಕೆ ಹೊತ್ತವನು ನಾನೊಬ್ಬನೇ ಇರಬೇಕು.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೇಟಿನ ಮುಂದೆ ಬೈಕು ನಿಲ್ಲಿಸುತ್ತಲೂ ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ.

“ಎಲ್ಲಿದೀಯ?” ಎಂದು ಚೀರಿದೆ.

“ಮನ್ಯಾಗ ಅದೀನ್ರೀ. ಕೂಸು ಕಾಣವಲ್ಲದು.”

ಅವಳು ಅಳುತ್ತಿರಲಿಲ್ಲ. ಅಳಲು ಉಸಿರು ಸಾಲದೆ ಮಾತು ತುಂಡು ತುಂಡಾಗಿ ಬರುತ್ತಿತ್ತು. ಮಲಗಿದ್ದ ಮಗುವನ್ನು ಒಳಗೆ ಬಿಟ್ಟು ಅಮ್ಮ ಮುಂದಿನ ತೊಟ್ಟಿಯಿಂದ ಊರವರಿಗೆ ನೀರು ಮೊಗೆದು ಕೊಡುತ್ತಿದ್ದಳಂತೆ. ಒಳಗೆ ಬಂದು ನೋಡಿದರೆ ಹಾಸಿಗೆ ಖಾಲಿ. ಮನೆ, ಕೊಟ್ಟಿಗೆ, ಬಚ್ಚಲು ಎಲ್ಲ ನೋಡಿದ್ದಾರೆ. ಎಷ್ಟು ಕೂಗಿದರೂ ಓಗೊಡುತ್ತಿಲ್ಲ. ಬೆಂಕಿ ಬೇಲಿಯ ಹತ್ತಿರ ಬಂದಿದೆ.

ನನಗೆ ಆ ಕ್ಷಣವೇ ತಿಳಿಯಿತು, ಅವಳೆಲ್ಲಿದ್ದಾಳೆ ಎಂದು. ಭೂಮಿಯ ಮೇಲೆ ಅದು ಗೊತ್ತಿದ್ದವನು ನಾನೊಬ್ಬನೇ.

ನಮ್ಮ ಮನೆಯ ಬೆಕ್ಕು ಮೂರು ಮರಿ ಹಾಕಿತ್ತು. ಮಗಳಿಗೆ ಅವೇ ಊಟ, ಅವೇ ನಿದ್ದೆ. ಅಮ್ಮನಿಗೆ ಮಾತ್ರ ಬೆಕ್ಕಿನ ಸಂಸಾರ ಸಾಕಾಗಿತ್ತು. ಕಣ್ಣು ಬಿಟ್ಟ ಮೇಲೆ ಮೂರನ್ನೂ ಚೀಲಕ್ಕೆ ಹಾಕಿ ಸಂತೆಯಲ್ಲಿ ಬಿಟ್ಟು ಬರುವುದು ಎಂದು ಅಪ್ಪಣೆ ಮಾಡಿದ್ದಳು. ಮಗಳು ಎರಡು ದಿನ ಅನ್ನ ಬಿಟ್ಟಳು. ಮೂರನೆಯ ದಿನ, ಭಾನುವಾರ, ಅಮ್ಮ ಊರೊಳಗೆ ಹೋಗಿದ್ದಾಗ ನಾನೂ ಅವಳೂ ಸೇರಿ ಬಣವೆಯ ಹಿಂಬದಿಯಲ್ಲಿ, ಕಾವಲಿನ ಕಡೆಗೆ, ಹುಲ್ಲು ಎಳೆದು ಎಳೆದು ಒಂದು ಗೂಡು ಮಾಡಿದೆವು. ಮಗಳು ಪೂರ್ತಿ ಒಳಗೆ ಹೋಗಿ ಕೂರುವಷ್ಟು ದೊಡ್ಡದು. ಬಾಯಿಗೆ ಗೋಣಿಚೀಲ ಇಳಿಬಿಟ್ಟೆವು. ತಾಯಿ ಬೆಕ್ಕು ತಾನೇ ಬಂದು ಒಪ್ಪಿಕೊಂಡಿತು. ಮಗಳಿಗೆ ಅಂದೆ: ಇದು ನಂಗೂ ನಿಂಗೂ ಮಾತ್ರ ಗೊತ್ತು. ಇಲ್ಲಿರುವಾಗ ಯಾರು ಕರೆದರೂ ಓ ಅನ್ನಬೇಡ. ಓ ಅಂದರೆ ಅಜ್ಜಿಗೆ ಜಾಗ ತಿಳಿದುಹೋಗುತ್ತದೆ, ಮರಿಗಳನ್ನು ಒಯ್ದುಬಿಡುತ್ತಾಳೆ. ಅವಳು ಕಣ್ಣರಳಿಸಿ ತಲೆಯಾಡಿಸಿದಳು. ಮಗಳ ಜೊತೆ ಒಂದು ಗುಟ್ಟು ಇರುವುದು ನನಗೂ ಬಹಳ ಖುಷಿಯಾಗಿತ್ತು.

“ಬಣವೆ!” ಎಂದು ಕೂಗಿದೆ. “ಬಣವೆ ಹಿಂದ್ಗಡೆ, ಬೇಲಿ ಕಡೆ ಮುಖಕ್ಕೆ. ಕೆಳಗೆ ಗೋಣಿಚೀಲ ಐತೆ ನೋಡು, ಎತ್ತು. ಕರೀಬೇಡ, ಕರೆದ್ರೆ ಬರಲ್ಲ. ಕೈ ಹಾಕಿ ಎಳಿ!”

ಅವಳು ಯಾಕೆ ಏನು ಎಂದು ಕೇಳಲಿಲ್ಲ. ಫೋನು ಕಟ್ ಮಾಡಲೂ ಇಲ್ಲ. ಕೈಯಲ್ಲಿ ಹಿಡಿದುಕೊಂಡೇ ಓಡಿದಳು. ನನಗೆ ಅವಳ ಉಸಿರು ಕೇಳುತ್ತಿತ್ತು, ಬಳೆಗಳ ಸದ್ದು ಕೇಳುತ್ತಿತ್ತು. “ಆ ಕಡೀಗೆ ಹೋಗ್ಬೇಡಿ ಕಣಮ್ಮೋ!” ಎಂದು ಯಾರೋ ಗಂಡಸು ಕಿರುಚಿದ. ಆಮೇಲೆ ಬೆಂಕಿಯ ಸದ್ದು ಬಂತು. ಬೆಂಕಿಗೆ ಅಷ್ಟು ಸದ್ದಿದೆ ಎಂದು ನನಗೆ ಗೊತ್ತಿರಲಿಲ್ಲ. ಅದು ಚಟಪಟ ಅನ್ನುತ್ತಿರಲಿಲ್ಲ, ಜೋರು ಮಳೆ ಬರುವಾಗ ದೂರದಿಂದ ಕೇಳುತ್ತದಲ್ಲ, ಹಾಗೆ ಒಂದೇ ಸಮನೆ ಭೋರಿಡುತ್ತಿತ್ತು.

ಅಷ್ಟರಲ್ಲಿ ಗೂಡ್ಸ್ ರೈಲು ಬಂತು. ಫೋನನ್ನು ಕಿವಿಗೆ ಎಷ್ಟು ಒತ್ತಿಕೊಂಡರೂ ಏನೂ ಕೇಳಲಿಲ್ಲ. ಡಬ್ಬಿಗಳು ಒಂದಾದ ಮೇಲೊಂದು ಹೋಗುತ್ತಲೇ ಇದ್ದವು, ಮುಗಿಯಲೊಲ್ಲವು. ನಾನು ರೈಲನ್ನು ಬೈದೆ. ಕೆಟ್ಟ ಕೆಟ್ಟ ಮಾತುಗಳಲ್ಲಿ, ಜೋರಾಗಿ ಬೈದೆ. ಪಕ್ಕದ ಕಾರಿನವರು ಕಿಟಕಿ ಏರಿಸಿಕೊಂಡರು. ಕೊನೆಯ ಡಬ್ಬಿ ದಾಟಿ ಸದ್ದು ಇಳಿದಾಗ ಫೋನು ಕಟ್ಟಾಗಿತ್ತು. ತಿರುಗಿ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಸ್ವಿಚ್ ಆಫ್ ಎಂದು ಬಂತು.

ಅಲ್ಲಿಂದ ಮನೆಯ ತನಕ ಅರ್ಧ ಗಂಟೆಯ ದಾರಿಯನ್ನು ನಾನು ಹೇಗೆ ಓಡಿಸಿದೆ ಎಂದು ಕೇಳಿದರೆ ಹೇಳಲಾರೆ. ಒಂದು ನೆನಪಿದೆ. ನಾನು ಮಗಳ ಹಸಿರು ಫ್ರಾಕು, ಅದರ ಕಿತ್ತುಹೋದ ಗುಂಡಿ, ಜ್ವರಕ್ಕೆಂದು ಹಣೆಗೆ ಹಚ್ಚಿದ ವಿಭೂತಿ, ಇವನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೆ. ಯಾಕೆ ನೆನೆಸಿಕೊಳ್ಳುತ್ತಿದ್ದೇನೆ ಎಂದು ಹೊಳೆದಾಗ ಗಾಡಿಯ ಮೇಲೆಯೇ ಗಟ್ಟಿಯಾಗಿ ಅತ್ತೆ. ಗುರುತು ಹಿಡಿಯಲು ಬೇಕಾಗಬಹುದು ಎಂದು ನನ್ನ ತಲೆ ಆಗಲೇ ತಯಾರಾಗುತ್ತಿತ್ತು.

ಮನೆಯ ತಿರುವಿನಲ್ಲಿ ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಬೈಕನ್ನು ಅಲ್ಲೇ ಬೀಳಿಸಿ ಓಡಿದೆ. ಕಣದಲ್ಲಿ ಬಣವೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಕೆಂಪಗೆ ಉಸಿರಾಡುವ ಬೂದಿಯ ದಿಬ್ಬವಿತ್ತು. ನಾನು ಅದರ ಕಡೆಗೇ ಓಡಿದೆನಂತೆ. ಯಾರೋ ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆ ಎಳೆದು, “ಲೇ ಲೇ, ಅಲ್ಲಲ್ಲ ಕಣೋ, ಜಗ್ಲಿ ಮ್ಯಾಲೆ ಐತೆ ನಿನ್ ಮಗು, ಜಗ್ಲಿ ಮ್ಯಾಲೆ!” ಎಂದು ಕಿವಿಯ ಹತ್ತಿರವೇ ಕೂಗಿದರು.

ಜಗಲಿಯ ಮೇಲೆ ಹೆಂಡತಿ ಕಾಲು ಚಾಚಿ ಕೂತಿದ್ದಳು. ಅವಳ ಮುಂದಲೆಯ ಕೂದಲು ಸುಟ್ಟು ಮುರುಟಿಹೋಗಿತ್ತು, ಎಡಗೈಯಲ್ಲಿ ಬೊಬ್ಬೆ ಎದ್ದಿತ್ತು. ಮಡಿಲಲ್ಲಿ ಮಗಳು. ಮಸಿ ಮುಖ, ಮೂಗಿನಿಂದ ಕರೀ ನೀರು. ಫ್ರಾಕಿನ ಮಡಿಲಲ್ಲಿ ಎರಡು ಮರಿಗಳನ್ನು ಅವುಚಿಕೊಂಡಿದ್ದಳು. ಮೂರನೆಯದು ಸಿಗಲಿಲ್ಲ. ಹೆಂಡತಿ ಮಗಳನ್ನು ಗೂಡಿನಿಂದ ಎಳೆದು ತಂದು, ಕಣ ದಾಟಿ ಮನೆಯ ಮೂಲೆಗೆ ಬರುವಷ್ಟರಲ್ಲಿ ಬಣವೆ ಹತ್ತಿಕೊಂಡಿತಂತೆ. ಟ್ರ್ಯಾಕ್ಟರಿನಲ್ಲಿ ಮನೆಯ ಸುತ್ತ ನೆಲ ಉತ್ತು ಮಣ್ಣು ಮೇಲೆ ಮಾಡಿದ್ದರಿಂದ ಬೆಂಕಿ ಅಲ್ಲಿಗೇ ನಿಂತಿತು.

ಮಗಳು ನನ್ನನ್ನು ಕಂಡವಳೇ, ದನಿ ಹೊರಡದ ಗಂಟಲಿನಲ್ಲಿ, “ಅಪ್ಪಾ, ನಾನು ಓ ಅನ್ಲೇ ಇಲ್ಲ,” ಅಂದಳು. ನಾನು ಮೆಚ್ಚಿಕೊಳ್ಳುತ್ತೇನೆ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು.

ಮನುಷ್ಯ ಆಗ ಮಗುವನ್ನು ಎತ್ತಿಕೊಳ್ಳಬೇಕು. ನಾನು ಎತ್ತಿಕೊಳ್ಳಲಿಲ್ಲ. ನನ್ನ ಸಿಟ್ಟಿನ ಸ್ವಭಾವ ಊರಿಗೇ ಗೊತ್ತು. ಹೆದರಿಕೆ ನನ್ನೊಳಗೆ ಬಂದರೆ ಸಿಟ್ಟಾಗಿಯೇ ಹೊರಗೆ ಬರುವುದು. ತಿರುಗಿ ಅಮ್ಮನ ಮೇಲೆ ಎಗರಿದೆ. ಅವಳು ಕಂಬಕ್ಕೆ ಒರಗಿ, ಎಲೆಯೆಲ್ಲ ಉದುರಿದ ಹೊಂಗೆಯ ರೆಂಬೆಯನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದಳು.

“ದೊಡ್ಡದಾಯ್ತು ಅಂದ್ಯಲ್ಲಮ್ಮ! ದೊಡ್ಡದಾಯ್ತು ಅಂದ್ರೆ ಏನರ್ಥ? ಜಾಸ್ತಿ ಆಯ್ತು ಅನ್ನೋಕೆ ನಿಂಗೇನಾಗಿತ್ತು?”

ಅವಳಿಗೆ ನಾನು ಏನು ಕೇಳುತ್ತಿದ್ದೇನೆಂದೇ ಮೊದಲು ತಿಳಿಯಲಿಲ್ಲ. ತಿಳಿದಾಗ ರೆಂಬೆಯನ್ನು ಕೆಳಗೆ ಹಾಕಿದಳು.

“ಕಣ್ಮುಂದೆ ದೊಡ್ಡದಾಗ್ತಿತ್ತು ಕಣಪ್ಪ,” ಅಂದಳು. “ದೊಡ್ಡದಾಯ್ತು ಅಂದೆ. ಆ ಹೊತ್ನಲ್ಲಿ ನಂಗೆ ಶಾಸ್ತ್ರ ಎಲ್ಲಿ ನೆಪ್ಪಿಗೆ ಬರ್ತೈತೆ?”

ಅವಳು ಸರಿಯಾಗಿಯೇ ಹೇಳಿದ್ದಳು. ಬದುಕಿನಲ್ಲಿ ಒಂದೇ ಒಂದು ಸಲ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಅರ್ಥ ಮಾಡಿದವನು ನಾನು. ಎರಡು ಅರ್ಥಗಳಲ್ಲಿ ನಾನು ಎದ್ದು ಹೋಗಬೇಕಾಗಿಲ್ಲದ ಅರ್ಥವನ್ನು ಆರಿಸಿಕೊಂಡಿದ್ದೆ.

ಆಮೇಲಿನ ದಿನಗಳಲ್ಲಿ ಸುಟ್ಟ ಕಾವಲು ಕಪ್ಪಗೆ ಬಿದ್ದುಕೊಂಡಿತ್ತು. ಗಾಳಿ ಬಂದರೆ ಮನೆಯೊಳಗೆಲ್ಲ ಮಸಿ. ನನಗೆ ಊಟ ಸೇರುತ್ತಿರಲಿಲ್ಲ. ಅಂಗಡಿಯಲ್ಲಿ ತಂತಿಗೆ ಹಚ್ಚುವ ವಾರ್ನಿಷ್ ಬಿಸಿಯಾದ ವಾಸನೆ ಬಂದರೆ ಎದ್ದು ಹೊರಗೆ ಬಂದು ನಿಲ್ಲುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಮನೆಗೆ ಫೋನ್ ಮಾಡುತ್ತಿದ್ದೆ. ಅಮ್ಮ ‘ಏನಿಲ್ಲ ಕಣಪ್ಪ’ ಅಂದರೆ, ಏನಿಲ್ಲ ಎಂದರೆ ಏನು ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದೆ. ಅವಳಿಗೆ ರೇಗುತ್ತಿತ್ತು.

ಆ ಹೆದರಿಕೆಯಲ್ಲಿ ನನಗೆ ಒಂದೇ ಆಸರೆಯಿತ್ತು. ಅದನ್ನು ನಾನು ಒಂದು ತಮಾಷೆ ಮಾಡಿಕೊಂಡಿದ್ದೆ. ನೋಡಲು ಬಂದ ನೆಂಟರಿಗೆ, ಅಂಗಡಿಗೆ ಬಂದ ಗಿರಾಕಿಗಳಿಗೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆ ಎಲ್ಲರಿಗೂ ಹೇಳುತ್ತಿದ್ದೆ: “ನಾನು ಹೋಗ್ಬೇಡ, ಕೂತ್ಕೊ ಅಂದೆ ಕಣ್ರೀ. ನಮ್ಮನೆಯವಳು ಯಾವತ್ತು ನನ್ನ ಮಾತು ಕೇಳಿದಾಳೆ? ಫೋನ್ ಇಟ್ಟವಳೇ ಸ್ಕೂಟಿ ಹತ್ತಿದ್ಲು. ಮಾತು ಕೇಳದ ಹೆಂಡ್ತಿ ಸಿಕ್ಕಿದ್ದಕ್ಕೆ ನನ್ನ ಮಗಳು ಉಳೀತು.” ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುವಾಗ ಎದೆಯ ಮೇಲಿನ ಭಾರ ಸ್ವಲ್ಪ ಇಳಿದಂತಾಗುತ್ತಿತ್ತು. ನನ್ನ ತಪ್ಪು ಬರೀ ಬಾಯಿಮಾತಿನದು, ಅದರಿಂದ ಒಂದು ನಿಮಿಷವೂ ನಷ್ಟವಾಗಲಿಲ್ಲ ಎಂದು ನಂಬಿಕೊಂಡು ನಾನು ರಾತ್ರಿ ಕಣ್ಣು ಮುಚ್ಚುತ್ತಿದ್ದೆ. ನಾನು ಈ ಕಥೆ ಹೇಳುವಾಗಲೆಲ್ಲ ಅವಳು ಒಳಗೆ ಎದ್ದು ಹೋಗುತ್ತಿದ್ದಳು. ಹೊಗಳಿಕೆಗೆ ನಾಚಿಕೆ ಎಂದುಕೊಂಡಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಮಗಳು ಅಜ್ಜಿಯ ಪಕ್ಕ ಒಳಗೆ ಮಲಗಿದ್ದಳು. ಪಕ್ಕದ ಹೊಲದವರು ಬಂದು ಸ್ವಲ್ಪ ಹೊತ್ತು ಕೂತಿದ್ದರು. ಅವರಿಗೂ ನನ್ನ ಕಥೆ ಹೇಳಿದೆ. ಅವರು ನಕ್ಕು ಎದ್ದು ಹೋದರು.

“ಅದನ್ನ ಇನ್ನ ಮ್ಯಾಲೆ ಯಾರಿಗೂ ಹೇಳಬ್ಯಾಡ್ರಿ,” ಅಂದಳು ಅವಳು.

“ಯಾಕೆ? ನಿನ್ನ ಹೊಗಳ್ತಿದೀನಿ ಕಣೇ.”

ಅವಳು ಕೈಯಲ್ಲಿದ್ದ ಹಣ್ಣಿನಿಂದ ಬೀಜ ತೆಗೆದು ಮೊರಕ್ಕೆ ಹಾಕಿದಳು. ಸುಟ್ಟ ಕೈಯ ಚರ್ಮ ಹೊಸದಾಗಿ ಬಂದು ಗುಲಾಬಿಯಾಗಿತ್ತು.

“ನಾ ಹೊಂಟಿರಲಿಲ್ಲರೀ. ಕೂತಿದ್ದೆ.”

ನನಗೆ ಅರ್ಥವಾಗಲಿಲ್ಲ.

“ಫೋನ್ ಇಟ್ಟು ಕ್ಲಾಸಿಗೆ ಹೋದೆ. ಉಕ್ತಲೇಖನ ಬರಸಿದೆ. ಆಮ್ಯಾಲೆ ಎಲ್ಲಾರ ನೋಟಬುಕ್ ತಿದ್ದಿದೆ. ಒಂದು ಹುಡುಗಿ ಕಿಟಕಿ ಕಡೆ ಕೂತಿತ್ತು, ‘ಮಿಸ್, ಹೊರಗೆ ಏನೋ ಕರ್ರಗೆ ಬೀಳ್ತೈತೆ’ ಅಂತು. ನೋಡಿದ್ರ ಅಂಗಳದ ತುಂಬ ಸುಟ್ಟ ಹುಲ್ಲಿನ ಚೂರು. ಅವಾಗ ಎದ್ದೆ.”

ಆ ಲೆಕ್ಕ ನನಗೆ ಮೊದಲೇ ಹೊಳೆಯಬೇಕಿತ್ತು. ಶಾಲೆಯಿಂದ ಮನೆ ಹತ್ತು ನಿಮಿಷ. ನಾನು ಗೇಟಿನ ಹತ್ತಿರ ನಿಂತಿದ್ದಾಗ ಅವಳ ಫೋನ್ ಬಂದದ್ದು, ನಾನು ಕೂತ್ಕೊ ಅಂದು ಸುಮಾರು ಒಂದು ಗಂಟೆಯಾದ ಮೇಲೆ. ನಡುವಿನ ಹೊತ್ತಿಗೆ ಅವಳೆಲ್ಲಿದ್ದಳು ಎಂದು ನಾನು ಕೇಳಿಯೇ ಇರಲಿಲ್ಲ. ಉಕ್ತಲೇಖನ ಇನ್ನು ನಾಲ್ಕು ಸಾಲು ಉದ್ದವಿದ್ದಿದ್ದರೆ, ಆ ಹುಡುಗಿ ಕಿಟಕಿಯ ಕಡೆ ಕೂರದೇ ಇದ್ದಿದ್ದರೆ, ಗಾಳಿ ಶಾಲೆಯ ಕಡೆಗೆ ಒಂದಿಷ್ಟೂ ಬೀಸದೇ ಇದ್ದಿದ್ದರೆ… ಮುಂದಕ್ಕೆ ಯೋಚಿಸಲಾರದೆ ಕೈಯಲ್ಲಿದ್ದ ಹಣ್ಣನ್ನು ಬೀಜದ ಸಮೇತ ಮೊರಕ್ಕೆ ಹಾಕಿಬಿಟ್ಟೆ. ಬೆಂಕಿಯ ಹೆದರಿಕೆ ನನಗೆ ಪೂರ್ತಿ ಬಂದದ್ದು ಬೆಂಕಿ ಬಿದ್ದ ದಿನವಲ್ಲ, ಆ ಭಾನುವಾರ, ಆ ಜಗಲಿಯಲ್ಲಿ.

“ಅಮ್ಮನ ದನಿ ಹಂಗಿರಲಿಲ್ಲ ಅಂದ್ಯಲ್ಲೇ ನೀನೇ,” ಅಂದೆ. “ಮತ್ತೆ ಯಾಕೆ ಕೂತೆ?”

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಇಷ್ಟು ಸುಲಭದ್ದನ್ನು ಯಾಕೆ ಕೇಳುತ್ತಾರೆ ಎಂಬ ಆಶ್ಚರ್ಯ ಮಾತ್ರ ಇತ್ತು.

“ನೀವು ಕೂತ್ಕೊ ಅಂದ್ರಲ್ಲ,” ಅಂದಳು.